ಹಾವೇರಿಯೂ ಹುತಾತ್ಮರ ಸ್ಮಾರಕವೂ

ರಾಣೆಬೆನ್ನೂರಿನಿಂದ ಹಾವೇರಿಗೆ ಹೆದ್ದಾರಿಯಲ್ಲಿ ಹೊರಟವರಿಗೆ ನಡುದಾರಿಯಲ್ಲಿ ಮೋಟೆಬೆನ್ನೂರು ದೊರೆಯುವುದು. ಮೆಣಸಿನಕಾಯಿಯ ಪೇಟೆಯೆಂದು ಖ್ಯಾತವಾದ ಬ್ಯಾಡಗಿಗೆ ಹಾದಿಯು ಅಗಲುವುದು ಇಲ್ಲಿಯೇ. ಪ್ರವಾಸಿಗಳು ಬಹುಮಟ್ಟಿಗೆ ನಿಲ್ಲದೆ ಸಾಗಿಬಿಡುವರು; ನಾವಾದರೋ ಇಲ್ಲಿ ಇಳಿದೆವು. ಮೈಲಾರ ಮಹದೇವಪ್ಪನವರು 1911ನೆಯ ಇಸವಿ ಜೂನ್ 8ರಂದು ಜನಿಸಿದ ಗ್ರಾಮವಿದು.

1930ರಲ್ಲಿ ಮಹಾತ್ಮಾ ಗಾಂಧಿಯವರು ಉಪ್ಪಿನ ಕಾಯಿದೆಯನ್ನು ಮುರಿಯಲು ಸಾಬರಮತಿಯಿಂದ ದಾಂಡಿಗೆ ಹೊರಟಾಗ, ಅವರು ಆರಿಸಿಕೊಂಡ 78 ಮಂದಿಯಲ್ಲಿ ಕನ್ನಡ ನಾಡಿನವರು ಇವರೊಬ್ಬರೇ. ಮಾರ್ಚ್ 12ರಿಂದ ಏಪ್ರಿಲ್ 5ರವರೆಗೆ ಸುಮಾರು 240 ಮೈಲಿಗಳ ನಡಿಗೆ! ಆಗ ಇವರಿಗೆ ಹತ್ತೊಂಬತ್ತು ವರ್ಷ ತುಂಬಿರಲಿಲ್ಲ. ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯಕ್ಕಾಗಿ ಕಾರಾಗೃಹವಾಸವನ್ನು ಅನುಭವಿಸಿದವರು. ಸಹಧರ್ಮಚಾರಿಣಿಯೆಂಬ ಶಬ್ದಕ್ಕೆ ಇದಕ್ಕಿಂತ ಬೇರೆ ಭಾಷ್ಯವೇಕೆ?

ಅಲ್ಲಿಂದ ಹಾವೇರಿಗೆ ಬಂದೆವು. ಈ ನಗರವು ತನ್ನ ವೀರಪುತ್ರನನ್ನು ಮರೆತಿಲ್ಲ. ರೈಲು ನಿಲ್ದಾಣಕ್ಕೆ ಮಹದೇವಪ್ಪನವರ ಹೆಸರನ್ನೇ ಇಟ್ಟಿರುವರು. ಊರಿನಲ್ಲಿ ವೀರಸೌಧವೆಂಬ ಸ್ಮಾರಕವೂ ಇದೆ. 2018ರಲ್ಲಿ ಭಾರತದ ಅಂಚೆ ಇಲಾಖೆಯು ಇವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಆದರೆ ಈ ಗೌರವದ ಮೂಲವನ್ನು ಅರಿಯಬೇಕಾದರೆ ಹಾವೇರಿ ತಾಲೂಕಿನ ಹೊಸರಿತ್ತಿಗೆ ಹೋಗಬೇಕು. ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಕಾಲವದು. ರೈತರಿಂದ ವಸೂಲು ಮಾಡಿದ ಕಂದಾಯದ ಹಣವನ್ನು ಸರಕಾರದವರು ಅಲ್ಲಿಯ ದೇವಾಲಯದಲ್ಲಿ ಪೋಲೀಸರ ಕಾವಲಿನಲ್ಲಿ ಇರಿಸಿದ್ದರು. 1943ರ ಏಪ್ರಿಲ್ 1ರಂದು ಅದನ್ನು ವಶಪಡಿಸಿಕೊಳ್ಳಲು ಮಹದೇವಪ್ಪನವರು ಸಂಗಡಿಗರೊಡನೆ ಬಂದರು. ಪೋಲೀಸರ ಗುಂಡಿಗೆ ಅವರು ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬಿಬ್ಬರೂ ಪ್ರಾಣವನ್ನು ತೆತ್ತರು. ನಾಯಕರಿಗೆ ಆಗ ಮೂವತ್ತೊಂದು ವರ್ಷ.

ನಾವು ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ, ಪರೀಕ್ಷೆಯ ಉತ್ತರಗಳಲ್ಲಿ ಮಹದೇವಪ್ಪನವರ ಹೆಸರು ತಪ್ಪದೆ ಬರುತ್ತಿತ್ತು. ಉಳಿದಿಬ್ಬರ ಹೆಸರು ಬರುತ್ತಿದ್ದುದು ವಿರಳ. ಒಂದೇ ದಿನ, ಒಂದೇ ಸ್ಥಳದಲ್ಲಿ, ಒಂದೇ ಕಾರ್ಯಕ್ಕಾಗಿ ಮಡಿದವರಲ್ಲಿ ಈ ತಾರತಮ್ಯವೇಕೆ? ಸ್ಮಾರಕವೆಂದರೆ ಸ್ಮರಿಸುವಂತೆ ಮಾಡುವುದು ಎಂದರ್ಥ. ನಿಲ್ದಾಣದ ಫಲಕವು ಒಂದು ಹೆಸರನ್ನು ನೆನಪಿಸಿದರೆ ಮಿಕ್ಕವನ್ನು ನೆನಪಿಸುವ ಹೊಣೆ ಗೃಹಸ್ಥರಾದ ನಮ್ಮದು. ಮಕ್ಕಳೊಡನೆ ಈ ಮಾರ್ಗವಾಗಿ ಪಯಣಿಸುವ ವಾಚಕರು ಹಾವೇರಿಯ ಫಲಕವನ್ನು ಅವರಿಗೆ ಓದಿಸಲಿ. ಬಳಿಕ ತಿರಕಪ್ಪ, ವೀರಯ್ಯ, ಸಿದ್ದಮ್ಮ ಎಂಬ ಮೂರು ಹೆಸರುಗಳನ್ನು ತಾವೇ ಹೇಳಿಕೊಡಲಿ.