ಗಾಡಿಯೊಳಗಿನ ಲೈಟು: ಮೊದ್ಲು ಬಿಸಿ ನೋಡಿ, ಆಮೇಲೆ ಬೆಳಕು

1/8
ನಿನ್ನೆ ಸ್ಟೋರೀಲಿ ನಮ್ಮ ಗಾಡಿ ಒಳಗಿನ ಫೋಟೊ ಹಾಕಿದ್ದೆ. ಮಂಚದ ಬಗ್ಗೆ ಯಾರೂ ಕೇಳ್ಲಿಲ್ಲ, ಪರದೆ ಬಗ್ಗೆ ಕೇಳ್ಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಆ ಲೈಟು ಎಲ್ಲಿ ಸಿಕ್ತು?" ಲೈಟು ಬಳ್ಳಾರೀಲಿ ಯಾವ ಆಟೊ ಎಲೆಕ್ಟ್ರಿಕಲ್ ಅಂಗಡೀಲಾದ್ರೂ ಸಿಗುತ್ತೆ. ಅದನ್ನೇ ಯಾಕೆ ಆರಿಸಿದ್ದು ಅನ್ನೋದು ಸ್ವಲ್ಪ ಉದ್ದದ ಕಥೆ. ಸ್ವೈಪ್ ಮಾಡ್ತಾ ಬನ್ನಿ.

2/8
ಗಾಡಿ ನಮ್ಮ ಸಿರುಗುಪ್ಪದ ಮಾವಂದು. ಹಳೇ ಟೆಂಪೊ. ಸೀಟು ತೆಗೆಸಿ ಮಲಗೋ ಹಾಗೆ ಮಾಡಿಸಿದ್ದಾರೆ. (ಮೊದ್ಲು ಆರ್‌ಟಿಒ ಅನುಮತಿ, ಆಮೇಲೆ ಕೆಲಸ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರೋದೇ ಇದಕ್ಕೆ. ನಮ್ಮಿಷ್ಟಕ್ಕೆ ಗಾಡಿ ಬದಲಾಯಿಸೋ ಹಾಗಿಲ್ಲ.) ಕುರುಗೋಡು ದೊಡ್ಡಬಸವೇಶ್ವರ ಜಾತ್ರೆ, ಮಂತ್ರಾಲಯ, ಶ್ರೀಶೈಲ, ಎಲ್ಲಿಗೆ ಹೋದ್ರೂ ರಾತ್ರಿ ರೂಮಿಗೆ ಅಲೆಯೋದು ಬೇಡ ಅಂತ.

ಈಗ ಒಳಗೆ ಏನೇನಿದೆ ನೋಡಿ. ಪ್ಲೈವುಡ್ ಮಂಚ, ಫೋಮ್ ಹಾಸಿಗೆ, ಅಜ್ಜಿಯ ಹತ್ತಿ ಗಾದಿ, ಬಳ್ಳಾರಿ ಜೀನ್ಸ್ ಕಟ್‌ಪೀಸಲ್ಲಿ ಅತ್ತೆ ಹೊಲಿದ ಪರದೆ. ಎಲ್ಲವೂ ಬೆಂಕಿಗೆ ಪ್ರಿಯವಾದವೇ. ಮಲಗೋರು ಅಜ್ಜಿ, ಅತ್ತೆ, ಎರಡು ಸಣ್ಣ ಮಕ್ಕಳು. ಹೊರಗೆ ಬರೋಕೆ ಇರೋದು ಪಕ್ಕದ ಒಂದೇ ಬಾಗಿಲು. "ಡಿಪ್ಲೊಮಾ ಎಲೆಕ್ಟ್ರಿಕಲ್ ಓದ್ತೀಯಲ್ಲ, ಲೈಟಿನ ಕೆಲ್ಸ ನಿಂದೇ" ಅಂದ್ರು ಮಾವ. ಸರಿ ಅಂದೆ.

3/8 ಬಿಸಿ
ಗಾಡಿ ಜೊತೆಗೇ ಬಂದಿದ್ದ ರೂಫ್ ಲೈಟಲ್ಲಿ 10 ವ್ಯಾಟಿನ ತಂತಿ ಬಲ್ಬು ಇತ್ತು. ಇಂಥ ಬಲ್ಬಿಗೆ ಕೊಟ್ಟ ಕರೆಂಟಲ್ಲಿ ನೂರಕ್ಕೆ 90 ಭಾಗಕ್ಕಿಂತ ಜಾಸ್ತಿ ಬಿಸಿಯಾಗೇ ಹೋಗುತ್ತೆ. ಹ್ಯಾಲೊಜೆನ್ ಆದ್ರಂತೂ ಗಾಜಿನ ಮೈಯೇ 200 ಡಿಗ್ರಿ ದಾಟುತ್ತೆ. ರಾತ್ರಿ ಪರದೆ ಜಾರಿ ಅದಕ್ಕೆ ತಾಗಿದ್ರೆ?

ಅಜ್ಜಿ ಇದನ್ನ ಬೇರೆ ಥರ ಹೇಳ್ತಾರೆ. ಅವರ ಕಾಲದಲ್ಲಿ ಎತ್ತಿನ ಬಂಡೀಲಿ ಜಾತ್ರೆಗೆ ಹೋಗುವಾಗ ಲಾಟೀನನ್ನ ಬಂಡಿ ಕೆಳಗೆ, ಅಚ್ಚಿನ ಹತ್ರ ನೇತು ಹಾಕ್ತಿದ್ರಂತೆ. ಒಳಗೆ ಹುಲ್ಲು ಹಾಸಿ ಮಕ್ಕಳನ್ನ ಮಲಗಿಸಿರ್ತಿದ್ರಲ್ಲ, ಅದಕ್ಕೆ. ಈಗ ಹುಲ್ಲಿನ ಜಾಗಕ್ಕೆ ಫೋಮ್ ಬಂದಿದೆ, ಅಷ್ಟೇ.

ಅದಕ್ಕೇ ಎಲ್‌ಇಡಿ. ಸುಮಾರು ಅಷ್ಟೇ ಬೆಳಕಿಗೆ 2 ವ್ಯಾಟ್ ಸಾಕು. ಹಾಗಂತ ಎಲ್‌ಇಡಿ ಬಿಸಿನೇ ಆಗಲ್ಲ ಅಂತಲ್ಲ, ಅದರ ಬೆನ್ನು ಬಿಸಿಯಾಗುತ್ತೆ. ನಮ್ಮ ಬಳ್ಳಾರಿ ಏಪ್ರಿಲ್ ಬಿಸಿಲಲ್ಲಿ ನಿಂತ ಗಾಡಿಯ ತಗಡು ಹೆಂಗಿರುತ್ತೆ ಗೊತ್ತಲ್ಲ. ಅಲ್ಯೂಮಿನಿಯಂ ಬೆನ್ನಿರೋ ಲೈಟು ತಗೊಂಡು, ಬಟ್ಟೆ ಫೋಮ್ ತಾಗದ ಹಾಗೆ, ಗಾಳಿಯಾಡೋ ಕಡೆ ಕೂರಿಸಿದೆ. ಮಾವನಿಗೆ ಹಾಸಿಗೆ ಅಂಚಿಗೆ ಬಣ್ಣ ಬದಲಾಗೋ ಸ್ಟ್ರಿಪ್ ಲೈಟ್ ಅಂಟಿಸೋ ಆಸೆ. ಫೋಮಿಗೆ ತಾಗಿ ಯಾವ ಲೈಟೂ ಬೇಡ ಅಂದೆ. ಎರಡು ದಿನ ಮಾತಾಡ್ಲಿಲ್ಲ!

4/8 ಬ್ಯಾಟರಿ ಲೆಕ್ಕ
ಕ್ಲಾಸಿನೋರಿಗೆ ಇದು ಸುಲಭ. ವ್ಯಾಟನ್ನ ವೋಲ್ಟಿಂದ ಭಾಗಿಸಿದ್ರೆ ಆಂಪ್. 10 ವ್ಯಾಟಿನ ಆರು ಬಲ್ಬು ಅಂದ್ರೆ 60 ವ್ಯಾಟ್. 12 ವೋಲ್ಟಿಗೆ 5 ಆಂಪ್. ಎಂಟು ಗಂಟೆ ಉರಿದ್ರೆ 40 ಆಂಪ್-ಅವರ್. 100 ಆಂಪ್-ಅವರಿನ ಬ್ಯಾಟರೀನ ಅಷ್ಟು ಹಿಂಡಿದ್ರೆ ಬೆಳಿಗ್ಗೆ ಸೆಲ್ಫ್ ಎಳೆಯೋದು ಅನುಮಾನ. 2 ವ್ಯಾಟಿನ ಆರು ಎಲ್‌ಇಡಿಗೆ ಒಟ್ಟು 1 ಆಂಪ್, ರಾತ್ರಿಯೆಲ್ಲ ಉರಿದ್ರೂ 8 ಆಂಪ್-ಅವರ್.

5/8 ವೋಲ್ಟ್
12 ವೋಲ್ಟಿನ ಗಾಡಿ ಅಂತೀವಿ, ಆದ್ರೆ ಎಂಜಿನ್ ಓಡುವಾಗ ಅಲ್ಲಿ ಹೆಚ್ಚುಕಮ್ಮಿ 14 ವೋಲ್ಟ್ ಇರುತ್ತೆ. ಒಳಗೆ ಬರೀ ಒಂದು ರೆಸಿಸ್ಟರ್ ಇಟ್ಟು ಮಾರೋ ಅಗ್ಗದ ಎಲ್‌ಇಡಿಗೆ ಆಗ ಜಾಸ್ತಿ ಕರೆಂಟ್ ಹರಿದು ಬೇಗ ಕಾಯುತ್ತೆ. ಡ್ರೈವರ್ ಸರ್ಕಿಟ್ ಇರೋದು, ಮೇಲೆ "10–30 ವೋಲ್ಟ್" ಥರ ಬರೆದಿರೋದು ನೋಡಿ ತಗೊಳ್ಳಿ. ಪ್ಲಸ್ ಮೈನಸ್ ಅದಲು ಬದಲಾದ್ರೆ ಎಲ್‌ಇಡಿ ಉರಿಯಲ್ಲ, ತಿರುಗಿಸಿ ನೋಡಿ.

ಲಾರಿ ಇರೋ ಮನೆಯೋರು ಗಮನಿಸಿ: ದೊಡ್ಡ ಲಾರಿಗಳು 24 ವೋಲ್ಟಿನವು. ಕಾರಿನ 12 ವೋಲ್ಟ್ ತಂತಿ ಬಲ್ಬನ್ನ ಅಲ್ಲಿ ಹಾಕಿದ್ರೆ ಎಳೆಯೋ ಪವರ್ ಎರಡು ಪಟ್ಟಿಗಿಂತ ಜಾಸ್ತಿಯಾಗಿ ಕ್ಷಣದಲ್ಲಿ ಸುಟ್ಟು ಹೋಗುತ್ತೆ.

"ಇನ್ವರ್ಟರ್ ಇಟ್ಟು ಮನೆ ಬಲ್ಬೇ ಹಾಕಿಬಿಡು" ಅಂತ ಒಬ್ಬರು ಸಲಹೆ ಕೊಟ್ರು. ಸುತ್ತ ತಗಡಿರೋ ಗಾಡಿಯೊಳಗೆ 230 ವೋಲ್ಟ್ ಓಡಾಡೋದು ಯಾಕೆ ಬೇಕು? ಸಿಎಫ್‌ಎಲ್ ಕೂಡ ಬೇಡ. ಒಡೆದ್ರೆ ಅದರೊಳಗಿನ ಪಾದರಸ ಮಲಗೋ ಜಾಗಕ್ಕೇ ಬೀಳುತ್ತೆ.

6/8 ಫ್ಯೂಸ್ (ಇದೊಂದಾದ್ರೂ ಓದಿ)
"12 ವೋಲ್ಟು ಏನ್ ಮಾಡ್ತೈತೆ ಬಿಡಪ್ಪ, ಶಾಕೂ ಹೊಡೆಯಲ್ಲ." ಗ್ಯಾರೇಜಲ್ಲಿ ಎಲ್ಲರೂ ಹೇಳೋ ಮಾತು. ಶಾಕ್ ಹೊಡೆಯಲ್ಲ ಅನ್ನೋದು ನಿಜ. ಆದ್ರೆ ಪ್ಲಸ್ ವೈರು ಎಲ್ಲೋ ಸವೆದು ತಗಡಿಗೆ ತಾಗಿದ್ರೆ ಬ್ಯಾಟರಿ ಒಮ್ಮೆಗೇ ನೂರಾರು ಆಂಪ್ ಕೊಡುತ್ತೆ. ವೈರು ಕೆಂಪಗೆ ಕಾಯೋಕೆ ಕೆಲವೇ ಸೆಕೆಂಡ್ ಸಾಕು. ಎಷ್ಟೇ ಒಳ್ಳೇ ಬಲ್ಬು ಇದ್ರೂ ಆಗ ಉಪಯೋಗಕ್ಕೆ ಬರಲ್ಲ.

ಅದಕ್ಕೆ ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನೊಳಗೇ ಫ್ಯೂಸ್ ಹಾಕಿದೆ. 1 ಆಂಪ್ ಲೋಡಿಗೆ 3 ಆಂಪ್ ಫ್ಯೂಸ್. ವೈರು ತಗಡಿನ ತೂತು ದಾಟೋ ಕಡೆಯೆಲ್ಲ ರಬ್ಬರ್ ಬಳೆ. ಮಾವನಿಗೆ ಒಂದೇ ಮಾತು ಹೇಳಿದೀನಿ: ಫ್ಯೂಸ್ ಹೋದ್ರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋ ಹಾಗಿಲ್ಲ. ಯಾಕೆ ಹೋಯ್ತು ಅಂತ ಹುಡುಕಿದ ಮೇಲೇ ಹೊಸದು. ನಾಲ್ಕು ಸ್ಪೇರ್ ಡ್ಯಾಶ್‌ಬೋರ್ಡಲ್ಲಿವೆ.

7/8 ಬಣ್ಣ
ಸಿರುಗುಪ್ಪ ಭತ್ತದ ಸೀಮೆ. ಕಾಲುವೆ ಪಕ್ಕ ಗಾಡಿ ನಿಲ್ಲಿಸಿ ಬಿಳಿ ಲೈಟ್ ಹಾಕಿದ್ರೆ ಹುಳದ ಜಾತ್ರೆ. ಹುಳಗಳನ್ನ ಹೆಚ್ಚು ಎಳೆಯೋದು ನೀಲಿ ಮತ್ತು ಅತಿನೇರಳೆ ಬೆಳಕು. 6500 ಕೆಲ್ವಿನ್ ಅಂತ ಬರೆದಿರೋ ಬಿಳಿ ಲೈಟಲ್ಲಿ ನೀಲಿ ಜಾಸ್ತಿ, 2700–3000 ಕೆಲ್ವಿನ್ ಹಳದಿಯಲ್ಲಿ ಕಡಿಮೆ. ಹುಳ ಪೂರ್ತಿ ನಿಲ್ಲಲ್ಲ, ಕಮ್ಮಿ ಆಗುತ್ತೆ. ಮಕ್ಕಳ ನಿದ್ದೆಗೂ ಹಳದಿಯೇ ಹಿತ. ಗಾಡಿ ಓಡುವಾಗ ಮಾತ್ರ ಹಿಂದಿನ ಲೈಟೆಲ್ಲ ಆಫ್. ಇಲ್ಲಾಂದ್ರೆ ಮುಂದಿನ ಗಾಜಲ್ಲಿ ನಮ್ಮ ಮುಖಗಳೇ ಕಂಡು, ಮಾವನಿಗೆ ರಸ್ತೆ ಕಾಣಲ್ಲ.

8/8 ಬಾಗಿಲ ಲೈಟು
ಅಜ್ಜಿ ರಾತ್ರಿ ಎರಡು ಸಲ ಏಳ್ತಾರೆ. ಕತ್ತಲಲ್ಲಿ ಅವರ ಕೈಗೆ ಮೊದ್ಲು ಸಿಗಬೇಕಾದ್ದು ಬಾಗಿಲು. ಹಾಗಾಗಿ ಬಾಗಿಲ ಹತ್ರ ಕಾಲಿನ ಮಟ್ಟಕ್ಕೆ ಒಂದು ಮಂದ ಲೈಟು, ಮಲಗಿದಲ್ಲೇ ಎಟುಕೋ ಸ್ವಿಚ್ಚು. ಇದಕ್ಕೆ ಬೇರೆ ವೈರು, ಬೇರೆ ಫ್ಯೂಸು. ಉಳಿದ ಲೈಟಿನ ಫ್ಯೂಸ್ ಹೋದ್ರೂ ಇದು ಉರಿಯಬೇಕು. ಇದೂ ಆರಿಹೋದ್ರೆ ಅಂತ ಪಕ್ಕದಲ್ಲೇ ಸೆಲ್ ಟಾರ್ಚು, ಕೆಳಗೆ ಬೆಂಕಿ ಆರಿಸೋ ಸಿಲಿಂಡರು. ಬಾಗಿಲು ತೆಗೆಯೋದನ್ನ ಮಕ್ಕಳಿಗೂ ಕಣ್ಣು ಮುಚ್ಚಿಸಿ ಪ್ರಾಕ್ಟೀಸ್ ಮಾಡಿಸಿದೀವಿ. ಅವರಿಗೆ ಅದೊಂದು ಆಟ, ಮತ್ತೆ ಮತ್ತೆ ಬೇಕಂತೆ.

ನಿಮ್ಮ ಮನೇಲೂ ಟೆಂಪೊ, ಲಾರಿ, ಕಾರು ಏನೇ ಇರ್ಲಿ, ಇವತ್ತೇ ನೋಡಿ. ಒಳಗಿನ ಲೈಟು ಅರ್ಧ ಗಂಟೆ ಉರಿಸಿ, ಅಂಗೈ ಹಿಂಭಾಗ ಅದರ ಹತ್ರ ತನ್ನಿ, ಮುಟ್ಟಬೇಡಿ. ಬಿಸಿ ಬಡಿದ್ರೆ ಬಲ್ಬು ಬದಲಾಯಿಸಿ. ಆಮೇಲೆ ಫ್ಯೂಸ್ ಬಾಕ್ಸ್ ತೆಗೆದು ಬೆಳ್ಳಿ ಕಾಗದ ಇದೆಯಾ ನೋಡಿ. ಸಿಕ್ಕಿದ್ರೆ ಫೋಟೊ ಡಿಎಂ ಮಾಡಿ, ಹೆಸರು ಹಾಕಲ್ಲ.

#ಬಳ್ಳಾರಿ #ಸಿರುಗುಪ್ಪ #ಕುರುಗೋಡು #ಗಾಡಿಮನೆ #ಕ್ಲಾಸಿನೋರಿಗೆ