ಕಿಸೆಯ ಕ್ಯಾಮರಾ, ಕೊರಳ ಕ್ಯಾಮರಾ

ಎರಡೂ ಒಂದೇ ವರ್ಷ ಹುಟ್ಟಿದವು, 2008ರಲ್ಲಿ. ಒಂದು ನಿಕಾನ್ ಡಿ-90. ಕುಷ್ಟಗಿಯ ಸ್ಟುಡಿಯೋ ಒಂದರಲ್ಲಿ ಲೆಕ್ಕವಿಲ್ಲದಷ್ಟು ಮದುವೆಗಳಿಗೆ ದುಡಿದು ಮೂಲೆ ಸೇರಿದ್ದು. ಇನ್ನೊಂದು ಕ್ಯಾನನ್ ಪವರ್‌ಶಾಟ್ ಎ-590. ನನ್ನ ಚಿಕ್ಕಪ್ಪನ ಮಗ ದಮ್ಮಾಮಿನಿಂದ ರಜೆಗೆ ಬಂದಾಗ ತಂದು, ಅಲ್ಮೇರಾದಲ್ಲಿ ಅತ್ತರಿನ ಬಾಟಲಿಗಳ ನಡುವೆ ಮರೆತುಹೋದದ್ದು. ಮೊದಲನೆಯದನ್ನು ಕೊರಳಿಗೆ ಹಾಕಿಕೊಂಡರೆ ಲೆನ್ಸ್ ಸೇರಿ ಮುಕ್ಕಾಲು ಕಿಲೋ ದಾಟುತ್ತದೆ. ಎರಡನೆಯದು ಅಂಗಿಯ ಕಿಸೆಯಲ್ಲಿ ಹಿಡಿಯುತ್ತದೆ. ಸ್ಟುಡಿಯೋದ ಗೆಳೆಯ ಹೊಸ ಮಿರರ್‌ಲೆಸ್ ಕ್ಯಾಮರಾ ಕೊಂಡಿದ್ದರಿಂದ ಹಳೆಯದನ್ನು ಸುಲಭದ ಬೆಲೆಗೆ ಕೊಡಲು ತಯಾರಿದ್ದ. ತಮ್ಮನದು ಪುಕ್ಕಟೆ. ಪುಕ್ಕಟೆ ಸಿಕ್ಕದ್ದನ್ನು ಬಿಟ್ಟು ರೊಕ್ಕ ಕೊಟ್ಟು ಹಳೆಯದನ್ನು ತರುವುದು ಯಾವ ಬುದ್ಧಿವಂತಿಕೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ನಾನು ಎರಡು ತಿಂಗಳ ವಾಯಿದೆ ಪಡೆದುಕೊಂಡೆ.

ನಾನು ಛಾಯಾಗ್ರಾಹಕನಲ್ಲ, ಹೈಸ್ಕೂಲು ಮಾಸ್ತರ. ಮನೆ ಕೊಪ್ಪಳದಲ್ಲಿ. ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಹಳ ವರ್ಷ ಇದ್ದೆ, ಆಮೇಲೆ ಕುಷ್ಟಗಿ ಕಡೆಗೆ ವರ್ಗವಾಯಿತು. ಈ ಎರಡೂ ತಾಲ್ಲೂಕುಗಳು ಮಳೆಯನ್ನು ನಂಬಿ ಬದುಕುವಂಥವು. ಗಂಗಾವತಿಯವರಿಗೆ ತುಂಗಭದ್ರೆಯ ಕಾಲುವೆಯಿದೆ, ಭತ್ತವಿದೆ. ನಮ್ಮ ಕಡೆಯವರಿಗೆ ಗುಳೆಯಿದೆ. ಮಂಗಳೂರು, ಉಡುಪಿ, ಗೋವಾ, ಬೆಂಗಳೂರುಗಳಲ್ಲಿ ಬಹುಮಹಡಿ ಕಟ್ಟಡಗಳು ಏಳುವಾಗ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತವರನ್ನು ನೀವು ನೋಡಿರುತ್ತೀರಿ. ಮುಖ ಕಂಡಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಆ ಜನ ವರ್ಷಕ್ಕೊಮ್ಮೆ ತಪ್ಪದೆ ಊರಿಗೆ ಬರುವುದು ಅಲೈ ಹಬ್ಬಕ್ಕೆ, ಅಂದರೆ ಮೊಹರಮ್ಮಿಗೆ. ಬಂದವರಲ್ಲಿ ಮುಸ್ಲಿಮರಿಗಿಂತ ಉಳಿದವರೇ ಹೆಚ್ಚು. ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲಿ ಕೂಡ ಪೀರ್‌ಗಳು ಕೂರುತ್ತವೆ. ಆ ನಾಲ್ಕೈದು ದಿನ ಮನೆಯವರೆಲ್ಲ ಒಂದೇ ಸೂರಿನಡಿ ಇರುತ್ತಾರೆ. ಆಗ ನಾನು ಹೋಗಿ ಅವರ ಫೋಟೋ ತೆಗೆಯುತ್ತೇನೆ, ಅಚ್ಚು ಹಾಕಿಸಿ ಕೊಡುತ್ತೇನೆ. ಕೆಲವು ವರ್ಷಗಳಿಂದ ಇದೊಂದು ಚಟ.

ಮೊಬೈಲು ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಎಲ್ಲರ ಕೈಯಲ್ಲೂ ಇದೆ. ಅದರಿಂದಾಗಿಯೇ ಜಗತ್ತಿನಲ್ಲಿ 2010ರಲ್ಲಿ 12 ಕೋಟಿ ದಾಟಿದ್ದ ಡಿಜಿಟಲ್ ಕ್ಯಾಮರಾಗಳ ರವಾನೆ 2023ರಲ್ಲಿ 80 ಲಕ್ಷವನ್ನೂ ಮುಟ್ಟಲಿಲ್ಲ. ಆದರೆ ಮೊಬೈಲಿನ ಫೋಟೋ ಮೊಬೈಲಿನಲ್ಲೇ ಸಾಯುತ್ತದೆ. ಗುಳೆ ಹೋದವನ ಫೋನು ಮಳೆಗೆ ಸಿಕ್ಕಿತು, ಕಳೆಯಿತು, ಅಡವಿಟ್ಟ ಎಂದರೆ ಅದರೊಂದಿಗೆ ಮೂರು ವರ್ಷದ ಮಕ್ಕಳ ಮುಖವೂ ಹೋಗುತ್ತದೆ. ಇನ್ನೊಂದು ತಕರಾರೂ ಇದೆ. ಅಗ್ಗದ ಎಷ್ಟೋ ಫೋನುಗಳು ನಮ್ಮನ್ನು ಕೇಳದೆಯೇ ಮುಖದ ಸುಕ್ಕು ಒರೆಸುತ್ತವೆ, ಬಣ್ಣ ತಿಳಿಯಾಗಿಸುತ್ತವೆ. ಬಿಸಿಲಲ್ಲಿ ಬೆಂದ ನಮ್ಮ ಜನ ಅದರಲ್ಲಿ ಪೌಡರ್ ಜಾಹೀರಾತಿನವರಂತೆ ಕಾಣುತ್ತಾರೆ.

ಕಾಗದದ ಮೇಲಿನ ಫೋಟೋದ ಮೇಲೆ ನನಗಿರುವ ಮೋಹಕ್ಕೆ ನನ್ನ ಅಜ್ಜಿ ಕಾರಣವಿರಬಹುದು. ನಮ್ಮ ಮನೆಯಲ್ಲಿ ಗೋಡೆಗೆ ತಸ್ವೀರು ತೂಗುವ ಪದ್ಧತಿ ಇರಲಿಲ್ಲ. ನಮಾಜು ಮಾಡುವ ಕಡೆ ಚಿತ್ರ ಇರಬಾರದೆಂದು ಹಿರಿಯರು ಹೇಳುತ್ತಿದ್ದರು. ಇದ್ದ ಒಂದೆರಡು ಫೋಟೋಗಳೂ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಮಲಗಿದ್ದವು. ಅಜ್ಜಿ ಹಜ್ಜಿಗೆ ಹೋಗಲಿಲ್ಲ, ಹೋಗಿದ್ದರೆ ಪಾಸ್‌ಪೋರ್ಟಿನ ನೆಪದಲ್ಲಾದರೂ ಒಂದು ಒಳ್ಳೆಯ ಫೋಟೋ ಇರುತ್ತಿತ್ತು. ಆಕೆಯದೆಂದು ಉಳಿದಿರುವುದು ಶೇಷನ್ ಕಾಲದಲ್ಲಿ ಬಂದ ಮತದಾರರ ಗುರುತಿನ ಚೀಟಿಯ ಮೇಲಿನ ಅಂಚೆಚೀಟಿಯಷ್ಟು ಚಿತ್ರ ಮಾತ್ರ. ಅದರಲ್ಲಿ ಸೆರಗಿದೆ, ಮೂಗಿದೆ, ಕಣ್ಣು ಇರಬೇಕಾದ ಕಡೆ ಎರಡು ಕಪ್ಪು ಚುಕ್ಕೆಗಳಿವೆ.

ಈಗ ಕ್ಯಾಮರಾ ವಿಷಯಕ್ಕೆ ಬರೋಣ. ಸಣ್ಣದರಲ್ಲಿ 8 ಮೆಗಾಪಿಕ್ಸೆಲ್, ದೊಡ್ಡದರಲ್ಲಿ 12. ಅಂಗಡಿಯವರು ಈ ಅಂಕಿಗಳನ್ನೇ ಹೇಳಿ ವ್ಯಾಪಾರ ಮಾಡುತ್ತಿದ್ದ ಕಾಲವೊಂದಿತ್ತು. ನನ್ನ ಅನುಭವದಲ್ಲಿ ಗೋಡೆಗೆ ತೂಗುವ ಅಳತೆಯ ಅಚ್ಚಿಗೆ 8 ಧಾರಾಳ ಸಾಕು. ವ್ಯತ್ಯಾಸ ಬೇರೆ ಕಡೆ ಇದೆ. ಬೆಳಕು ಹಿಡಿಯುವ ಸೆನ್ಸರ್ ಎಂಬ ಬಿಲ್ಲೆ ಸಣ್ಣ ಕ್ಯಾಮರಾದಲ್ಲಿ ಕಿರುಬೆರಳ ಉಗುರಿಗಿಂತ ಚಿಕ್ಕದು, ಆರು ಮಿಲಿಮೀಟರ್ ಅಗಲವೂ ಇಲ್ಲ. ಡಿ-90ರಲ್ಲಿ ಅದು 23.6 ಮಿಲಿಮೀಟರ್ ಅಗಲ. ವಿಸ್ತೀರ್ಣ ಲೆಕ್ಕ ಹಾಕಿದರೆ ಸುಮಾರು ಹದಿನೈದು ಪಟ್ಟು. ಮಳೆ ನೀರು ಹಿಡಿಯಲು ಒಬ್ಬ ಲೋಟ ಇಟ್ಟ, ಇನ್ನೊಬ್ಬ ಪರಾತ ಇಟ್ಟ ಎಂದುಕೊಳ್ಳಿ. ಜೋರು ಮಳೆಯಲ್ಲಿ ಲೋಟವೂ ತುಂಬುತ್ತದೆ. ತುಂತುರು ಬಿದ್ದಾಗಲೇ ಗೊತ್ತಾಗುವುದು.

ಜೋರು ಬೆಳಕಿನ ಪರೀಕ್ಷೆಗೆ ಹಿರೇಬೆಣಕಲ್‌ಗಿಂತ ಒಳ್ಳೆಯ ಜಾಗ ಇಲ್ಲ. ಗಂಗಾವತಿಗೆ ಹತ್ತಿರದ ಆ ಬೆಟ್ಟದ ಮೇಲೆ ಶಿಲಾಯುಗ ಕಳೆದು ಕಬ್ಬಿಣದ ಬಳಕೆ ಬಂದ ಕಾಲದ ಜನ ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ನಾಲ್ಕುನೂರರಷ್ಟು ಸಮಾಧಿಗಳಿವೆ. ಕೆಲವಕ್ಕೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ಊರವರು ಮೋರೇರ ಮನೆ ಎನ್ನುತ್ತಾರೆ. ಕುಳ್ಳರು ಕಟ್ಟಿ ವಾಸಿಸಿದ್ದರಂತೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಇದು ಸೇರಿತು. ಹತ್ತುವ ದಾರಿಯಲ್ಲಿ ಬಂಡೆಗಳನ್ನು ಎರಡೂ ಕೈಯಿಂದ ಹಿಡಿಯಬೇಕಾಗುತ್ತದೆ. ಕೊರಳಲ್ಲಿದ್ದ ಡಿ-90 ಹೆಜ್ಜೆಹೆಜ್ಜೆಗೂ ಕಲ್ಲಿಗೆ ತಾಗುವ ಹೆದರಿಕೆ. ಕಿಸೆಯಲ್ಲಿದ್ದ ಎ-590 ಇರುವುದೇ ಮರೆತುಹೋಗಿತ್ತು. ಮೇಲೆ ಹೋದ ಮೇಲೆ ಬಿಸಿಲಿಗೆ ಹಿಂದಿನ ಪರದೆ ಕಾಣದಾದಾಗ, ಅದರ ನೆತ್ತಿಯ ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟು ನೋಡಬಹುದಾಗಿತ್ತು. ನಂತರ ಬಂದ ಎಷ್ಟೋ ಸಣ್ಣ ಕ್ಯಾಮರಾಗಳಲ್ಲಿ ಆ ಕಿಂಡಿಯನ್ನು ಕಿತ್ತುಹಾಕಿದರು. ಅದು ಎರಡು ಪೆನ್ಸಿಲ್ ಸೆಲ್ಲುಗಳಿಂದ ನಡೆಯುವುದು ಇನ್ನೊಂದು ಅನುಕೂಲ. ಕರೆಂಟು ಹೋದ ಊರಿನ ಕಿರಾಣಿ ಅಂಗಡಿಯಲ್ಲೂ ಸೆಲ್ಲು ಸಿಗುತ್ತವೆ, ಆಲ್ಕಲೈನ್ ಕೇಳಿ ಪಡೆಯಬೇಕು ಅಷ್ಟೆ. ಗೋಡೆ ಗಡಿಯಾರದ ಅಗ್ಗದ ಸೆಲ್ಲು ಹಾಕಿದರೆ ಹತ್ತು ಫೋಟೋಕ್ಕೆ ಉಸಿರು ಬಿಡುತ್ತದೆ. ಆ ದಿನದ ಫೋಟೋಗಳನ್ನು ಅಚ್ಚು ಹಾಕಿಸಿದಾಗ ಯಾವುದು ಯಾವ ಕ್ಯಾಮರಾದ್ದೆಂದು ಸ್ಟುಡಿಯೋದ ಗೆಳೆಯನಿಗೂ ಹೇಳಲಾಗಲಿಲ್ಲ.

ಇಟಗಿಯಲ್ಲೂ ಹೆಚ್ಚುಕಡಿಮೆ ಹಾಗೆಯೇ ಆಯಿತು. 1112ರ ಮಹಾದೇವ ದೇವಾಲಯ, ಮೊದಲು ಯಲಬುರ್ಗಾ ತಾಲ್ಲೂಕು, ಈಗ ಕುಕನೂರು. ಮುಂಜಾನೆಯ ಓರೆಬಿಸಿಲಿನಲ್ಲಿ ಆ ಮೆದುಕಲ್ಲಿನ ಕೆತ್ತನೆಯನ್ನು ಯಾವ ಕ್ಯಾಮರಾದಲ್ಲಿ ತೆಗೆದರೂ ಚೆಂದವೇ.

ಕಿನ್ನಾಳದಲ್ಲಿ ಲೆಕ್ಕ ಬದಲಾಯಿತು. ಚಿತ್ರಗಾರರ ಮನೆಯೊಳಗೆ ಬಾಗಿಲ ಬೆಳಕು ಬಿಟ್ಟರೆ ಬೇರೆ ಇಲ್ಲ. ಹಗುರ ಮರದ ಗೊಂಬೆಗೆ ಮರದ ಪುಡಿ, ಹುಣಸೆಬೀಜದ ಅಂಟು ಕಲಸಿದ ಕಿಟ್ಟ ಮೆತ್ತಿ, ಮೇಲೆ ಬಣ್ಣ ಹಾಕುತ್ತಾರೆ. ಹಳಬರಿಗೆ ಲಾಜವಾರ ಎಂಬ ವಿದ್ಯೆ ಗೊತ್ತಿತ್ತು. ತವರದಿಂದ ಚಿನ್ನದ ಹೊಳಪು ತರಿಸುವ ಕೆಲಸ ಅದು. ಸಣ್ಣ ಕ್ಯಾಮರಾ ಕತ್ತಲೆ ಕಂಡ ಕೂಡಲೆ ತಾನೇ ಫ್ಲ್ಯಾಶ್ ಹೊಡೆಯಿತು. ಗರುಡನ ಎದೆಯ ಚಿನ್ನ ಬಿಳಿ ಮಚ್ಚೆಯಾಯಿತು. ಫ್ಲ್ಯಾಶ್ ನಿಲ್ಲಿಸಿದರೆ ಕುಂಚ ಹಿಡಿದ ಕೈ ಹೊಗೆಯಂತೆ ಕದಡಿತು. ಡಿ-90ಕ್ಕೆ 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಹಾಕಿಕೊಂಡಿದ್ದೆ. ಹಳೆಯದು ಕೊಳ್ಳುವವರಿಗೆ ಇಲ್ಲೊಂದು ಮಾತು: ಈ ಅಗ್ಗದ ಡಿ ಮಾದರಿಯ ಲೆನ್ಸುಗಳು ತಾವಾಗಿ ಫೋಕಸ್ ಆಗಬೇಕಾದರೆ ಕ್ಯಾಮರಾದ ಒಡಲೊಳಗೆ ಮೋಟರು ಇರಬೇಕು. ಡಿ-90ರಲ್ಲಿ ಇದೆ, ಡಿ-40, ಡಿ-60, ಡಿ-5000ಗಳಲ್ಲಿ ಇಲ್ಲ. ಮದುವೆಗಳಲ್ಲಿ ದುಡಿದ ಕ್ಯಾಮರಾ ಎಷ್ಟು ಸಲ ಕ್ಲಿಕ್ಕಾಗಿದೆ ಎಂಬುದನ್ನೂ ಫೋಟೋದ ಕಡತದಿಂದ ತಿಳಿಯಬಹುದು. ಡಿ-90ರ ಶಟರನ್ನು ಒಂದು ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿರುತ್ತಾರೆ. ನನ್ನ ಗೆಳೆಯನದು 70 ಸಾವಿರ ದಾಟಿತ್ತು. ನನ್ನಂಥವನಿಗೆ ಉಳಿದದ್ದು ಬೇಕಾದಷ್ಟಾಯಿತು.

ದೊಡ್ಡ ಕ್ಯಾಮರಾದ ತೊಂದರೆ ಬೆಳಕಿನದಲ್ಲ, ಜನರದು. ಗಂಗಾವತಿಯ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಕ್ಯಾಮರಾದಲ್ಲಿ ಕಾಗದದ ನೆಗೆಟಿವ್ ಬಳಸಿ ತೆಗೆದ ಫೋಟೋಗಳು ಉಳಿದಿವೆ. ಆ ಕಾಗದಕ್ಕೆ ಚಿತ್ರ ಮೂಡಲು ಬಹಳ ಹೊತ್ತು ಬೇಕಿತ್ತು. ಕಲ್ಲು ಅಲುಗುವುದಿಲ್ಲ, ಆದ್ದರಿಂದ ಕಲ್ಲು ಬಂತು. ನಡೆದಾಡಿದ ಮನುಷ್ಯ ಅಳಿಸಿಹೋದ. ನಮ್ಮ ಕಡೆಯ ಹಳೆಯ ಫೋಟೋ ಅಂದರೆ ಈಗಲೂ ಗುಡಿ, ಕೋಟೆ, ಶಾಸನ. ನನ್ನ ಡಿ-90 ಕಂಡಾಗಲೂ ಹಳ್ಳಿಯವರು ಕಲ್ಲಾಗುತ್ತಿದ್ದರು. ಕೈ ತೊಡೆಗೆ ಅಂಟಿಸಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ‘ಮಾಸ್ತರ, ಪೇಪರ್‌ನ್ಯಾಗ ಬರತೈತೇನ್ರಿ?’ ಎಂದು ಒಬ್ಬ. ‘ಮನಿ ಬಿದ್ದದ್ದು ತೆಗೀರಿ, ಪರಿಹಾರ ಬಂದೀತು’ ಎಂದು ಇನ್ನೊಬ್ಬ. ಸಣ್ಣ ಕ್ಯಾಮರಾ ಹಿಡಿದರೆ ಯಾರೂ ಗಮನಿಸುವುದಿಲ್ಲ, ಮಕ್ಕಳು ಮಾತ್ರ ಆಟಿಕೆಯೆಂದು ಕಸಿಯಲು ಬರುತ್ತಾರೆ. ಎರಡು ತಿಂಗಳಲ್ಲಿ ಬಹಳ ದಿನ ನನ್ನ ಮನಸ್ಸು ಸಣ್ಣದರ ಕಡೆಗೇ ವಾಲಿತ್ತೆಂಬುದು ನಿಜ.

2024ರ ಮೊಹರಂ ಜುಲೈಯಲ್ಲಿ ಬಂತು. ಖತಲ್ ರಾತ್ರಿ ನಾನು ಯಲಬುರ್ಗಾ ಸೀಮೆಯ ನನ್ನ ಹಳೆಯ ಊರಿನಲ್ಲಿದ್ದೆ. ಅಲಾವಿ ಕುಣಿಯಲ್ಲಿ ಕೊರಡುಗಳು ಉರಿಯುತ್ತಿದ್ದವು. ಹಲಗೆಯ ಪೆಟ್ಟಿಗೆ ಹೆಜ್ಜೆಮೇಳದವರು ಸುತ್ತು ಹಾಕುತ್ತಿದ್ದರು, ರಿವಾಯತಿನ ಹಾಡಿನಲ್ಲಿ ಕರ್ಬಲಾದ ಹಸುಗೂಸಿನ ನೀರಡಿಕೆ ಕೇಳಿ ಮುದುಕಿಯರು ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಅಂಥ ಕಡೆ ಫ್ಲ್ಯಾಶ್ ಹೊಡೆಯುವುದು ಮಸಣದಲ್ಲಿ ಪಟಾಕಿ ಹೊಡೆದಂತೆ. ಡಿ-90ರಲ್ಲಿ ಬೆಂಕಿಯ ಬೆಳಕೊಂದರಲ್ಲೇ ಮುಖಗಳು ಬಂದವು, ಕಣಕಣವಾಗಿ, ಆದರೆ ಬಂದವು. ಎ-590ರಲ್ಲಿ ಬೆಂಕಿ ಮಾತ್ರ ಬಂತು.

ಮರುದಿನ ಸಂಜೆ ಒಬ್ಬ ಹಳೆಯ ವಿದ್ಯಾರ್ಥಿ ಮನೆಗೆ ಕರೆದ. ಅವನು, ಅವನ ಹೆಂಡತಿ ಉಡುಪಿಯಲ್ಲಿ ಗಾರೆ ಕೆಲಸ ಮಾಡುತ್ತಾರೆ. ಮಗು ಊರಲ್ಲಿ ಅಜ್ಜಿಯ ಹತ್ತಿರ. ಅಜ್ಜಿ ನನ್ನನ್ನು ಕಂಡವಳೇ ‘ನಾ ಸತ್ತ ಮ್ಯಾಲ ಹಾರ ಹಾಕಾಕ ಒಂದು ಫೋಟೋ ತೆಗಿಯೋ ಯಪ್ಪಾ’ ಎಂದಳು. ಪಡಸಾಲೆಯಲ್ಲಿ ಒಂದೇ ಬಲ್ಬು. ಮೊದಲು ಎ-590ರಲ್ಲಿ ತೆಗೆದೆ. ಫ್ಲ್ಯಾಶ್ ಮಿಂಚಿತು. ಆಮೇಲೆ ಡಿ-90ರಲ್ಲಿ, ಆಕೆ ಮೊಮ್ಮಗಳ ಜಡೆ ಬಿಚ್ಚುತ್ತ ಏನೋ ಬೈಯುತ್ತ ಮಗನ ಕಡೆ ತಿರುಗಿದಾಗ. ಎರಡನ್ನೂ ಅಚ್ಚು ಹಾಕಿಸಿ ಕಳಿಸಿದೆ. ಆಕೆಗೆ ಹಿಡಿಸಿದ್ದು ಫ್ಲ್ಯಾಶಿನದು. ‘ಇದರಾಗ ಬೆಳ್ಳಗ ಬಂದೀನಿ, ಇನ್ನೊಂದರಾಗ ಮುದುಕಿ ಆಗೀನಿ’ ಎಂದಳಂತೆ. ನಾನು ವಾದಿಸಲು ಹೋಗಲಿಲ್ಲ. ಫೋಟೋ ಯಾರದೋ ಅವರ ಮಾತೇ ಕೊನೆ ಮಾತು.

ಆ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಮಗ ಫೋನು ಮಾಡಿ, ಗೋಡೆಗೆ ಹಾಕಲು 12 ಇಂಚು 18 ಇಂಚಿನದು ಬೇಕು ಎಂದ. ಯಾವುದನ್ನು ದೊಡ್ಡದು ಮಾಡಿಸಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಬೆಳ್ಳಗಿರೋದು ಅವ್ವನ ಟ್ರಂಕಿನ್ಯಾಗ ಐತ್ರಿ ಸರ, ಅದು ಅಲ್ಲೇ ಇರಲಿ. ನನಗ ಬೈಯ್ಯಾಕತ್ತಿದ್ದಳಲ್ಲ, ಅದನ್ನ ಮಾಡಸ್ರಿ’ ಎಂದ.

ಡಿ-90 ಕೊಂಡೆ. ಅದು ಜನರನ್ನು ಕಲ್ಲಾಗಿಸುವ ತೊಂದರೆಗೆ ಮದ್ದು ಆ ಹೊತ್ತಿಗೆ ಗೊತ್ತಾಗಿತ್ತು. ಕ್ಯಾಮರಾ ಸಣ್ಣದಾಗಬೇಕಿಲ್ಲ, ಕಳೆದ ಸಲ ತೆಗೆದದ್ದರ ಅಚ್ಚು ಕೈಯಲ್ಲಿರಬೇಕು. ಮನೆಗೆ ಹೋದ ಕೂಡಲೆ ಕವರು ಕೊಟ್ಟರೆ ಅವರು ಅದನ್ನು ನೋಡುತ್ತ ನನ್ನನ್ನು ಮರೆಯುತ್ತಾರೆ. ಮುಕ್ಕಾಲು ಕಿಲೋದ ಆ ಕರಿಯ ಪೆಟ್ಟಿಗೆಯನ್ನೂ ಮರೆಯುತ್ತಾರೆ.

ಆದರೆ ಎಷ್ಟು ದೊಡ್ಡ ಸೆನ್ಸರ್ ಇದ್ದರೂ ನಾನು ಗಂಡಸು. ಪಡಸಾಲೆಯಿಂದಾಚೆ, ಅಡುಗೆಮನೆಯ ಹೊಸ್ತಿಲಿನಿಂದಾಚೆ ನನಗೆ ದಾರಿಯಿಲ್ಲ. ಹಿಂದೂ ಮನೆಯಾಗಲಿ ಮುಸ್ಲಿಂ ಮನೆಯಾಗಲಿ ಇದರಲ್ಲಿ ಭೇದವಿಲ್ಲ. ಪಟ್ಟಣದ ಹುಡುಗರು ಈಗ ಇಂಥ ಹಳೆಯ ಸಣ್ಣ ಕ್ಯಾಮರಾಗಳನ್ನು ಷೋಕಿಗಾಗಿ ಹುಡುಕಿ ಕೊಳ್ಳುತ್ತಾರೆಂದು, ಎ-590ನ್ನು ಮಾರಿಬಿಡು ಎಂದು ತಮ್ಮ ದಮ್ಮಾಮಿನಿಂದ ಹೇಳಿದ. ನಾನು ಅದನ್ನು ಕುಷ್ಟಗಿಯ ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಕೊಟ್ಟೆ. ಅವಳ ತಾಯಿ ಬೀಜದ ಪ್ಲಾಟುಗಳಲ್ಲಿ ಹೂವಿಗೆ ಹೂ ತಾಗಿಸುವ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ಹದಿನೈದು ದಿನದ ಮೇಲೆ ಹುಡುಗಿ ತಂದು ತೋರಿಸಿದಳು: ಪರಾಗದಿಂದ ಹಳದಿಯಾದ ತಾಯಿಯ ಬೆರಳು, ಒಲೆಯ ಮುಂದೆ ಕುಂತು ರೊಟ್ಟಿ ಬಡಿಯುವ ಚಿಕ್ಕಮ್ಮ, ಬಚ್ಚಲ ಕಲ್ಲಿನ ಮೇಲೆ ಕೂದಲು ಹರವಿಕೊಂಡು ನಗುತ್ತಿರುವ ನಾಲ್ವರು ಹೆಂಗಸರು. ಅರ್ಧದಷ್ಟು ಫೋಟೋ ಅಲುಗಿವೆ. ಹೆಂಗಸರು ನಗುತ್ತಿರುವುದರಲ್ಲಿ ಒಬ್ಬಳ ತಲೆಯೇ ಇಲ್ಲ.

‘ಸೆಲ್ ಮುಗದಾವ್ರಿ ಸರ’ ಎಂದಳು. ಶಾಲೆಯ ಎದುರಿನ ಅಂಗಡಿಯಲ್ಲಿ ನಾಲ್ಕು ಕೊಡಿಸಿದೆ, ಆಲ್ಕಲೈನ್.