ತಾಯಿ ಸಿಂಪಿಗೊಂದು ಬಯಕೆ ಊಟ

ಮೂರು ದಿನದ ಸಿಂಪಿ ಮರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ನಾನು ಮೊದಲು ಹುಡುಕುವುದು ಅದರ ಹೊಟ್ಟೆಯನ್ನು. ಆಗಿನ್ನೂ ಅದರ ಉದ್ದ 100 ಮೈಕ್ರಾನಿನ ಆಸುಪಾಸು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು. ಚಿಪ್ಪು ಎಷ್ಟು ತೆಳುವೆಂದರೆ ಒಳಗಿನದೆಲ್ಲ ಕಾಣುತ್ತದೆ. ಜೀರ್ಣಗ್ರಂಥಿ ಹೊಂಬಣ್ಣಕ್ಕೆ ತಿರುಗಿದ್ದರೆ ಮರಿ ಉಂಡಿದೆ, ಉಂಡದ್ದು ಮೈಗೆ ಹತ್ತುತ್ತಿದೆ. ಬಿಳಿಚಿಕೊಂಡಿದ್ದರೆ ಆ ತೊಟ್ಟಿಯ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ. ಇವತ್ತು ಬೆಳಿಗ್ಗೆ ಗಾಜಿನ ಪಟ್ಟಿಯ ಮೇಲೆ ಕಂಡದ್ದೆಲ್ಲ ಹೊಂಬಣ್ಣವೇ. ಬಾಯಂಚಿನ ಸಣ್ಣ ರೋಮಗಳನ್ನು ಬಡಿಯುತ್ತ, ಸುಳಿ ಎಬ್ಬಿಸುತ್ತ, ಪಾಚಿಯ ಕಣಗಳನ್ನು ಒಳಗೆಳೆದುಕೊಳ್ಳುತ್ತ ಅವು ಈಜುತ್ತಿದ್ದವು. ಇಷ್ಟು ವರ್ಷ ನೋಡಿದರೂ ಈ ನೋಟದಿಂದ ಕಣ್ಣು ಕೀಳಲು ನನಗೆ ಮನಸ್ಸಾಗುವುದಿಲ್ಲ.

ಆ ಖುಷಿಯನ್ನು ಹಂಚಿಕೊಳ್ಳಲು ಸಿಂಪಿ ಮರಿ ಬೆಳೆಸುವ ಇನ್ನೊಂದು ಹ್ಯಾಚರಿಯ ಗೆಳೆಯರಿಗೆ ಫೋನು ಮಾಡಿದರೆ, ಅವರ ಮೊದಲ ಪ್ರಶ್ನೆ: “ಎಷ್ಟು ಹಾಕ್ತಿದ್ದೀರಿ ಮಾರಾಯ್ರೆ? ಒಂದು ಎಂಎಲ್‌ಗೆ ಎಷ್ಟು ಸಾವಿರ?”

ಏನು ಹಾಕುತ್ತೀರಿ ಎಂದು ಅವರು ಕೇಳಲಿಲ್ಲ. ನಮ್ಮ ಕಸುಬಿನವರಲ್ಲಿ ಹೆಚ್ಚಿನವರು ಕೇಳುವುದೂ ಇಲ್ಲ. ಪಾಚಿ ಕೋಶಗಳ ಎಣಿಕೆ ಬಂದರೆ ಸಾಕು, ಲೆಕ್ಕ ಮುಗಿಯಿತು. ಐಸೋಕ್ರೈಸಿಸ್ ಎಂಬ ಪಾಚಿಯ ಒಂದು ಕೋಶ 4ರಿಂದ 6 ಮೈಕ್ರಾನ್ ಇರುತ್ತದೆ. ಟೆಟ್ರಾಸೆಲ್ಮಿಸ್ ಎಂಬ ಇನ್ನೊಂದು ಪಾಚಿಯದು ಹತ್ತು ದಾಟುತ್ತದೆ, ಒಣತೂಕದಲ್ಲಿ ಐಸೋಕ್ರೈಸಿಸ್‌ನ ಸುಮಾರು ಹತ್ತು ಪಟ್ಟು. ಹೀಗಿರುವಾಗ “ಐವತ್ತು ಸಾವಿರ ಹಾಕಿದೆ” ಎಂದರೆ ಏನು ಹೇಳಿದ ಹಾಗಾಯಿತು? ಅದೇ ಐವತ್ತು ಸಾವಿರ ಒಂದು ತೊಟ್ಟಿಯಲ್ಲಿ ಹದವಾದ ಊಟ, ಇನ್ನೊಂದರಲ್ಲಿ ಅಜೀರ್ಣ. ಅದೂ ಮೊದಲ ದಿನಗಳ ಮರಿಗೆ ಟೆಟ್ರಾಸೆಲ್ಮಿಸ್ ನುಂಗುವುದೇ ಕಷ್ಟ. ತಿನ್ನದೆ ಉಳಿದದ್ದು ತಳಕ್ಕಿಳಿದು ಕೊಳೆಯುತ್ತದೆ, ಅದರ ಮೇಲೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಎರಡು ದಿನದಲ್ಲಿ ಮರಿಗಳೆಲ್ಲ ತಳ ಹಿಡಿಯುತ್ತವೆ. ಆಗ ಬೈಗುಳ ನೀರಿಗೆ, ಹವೆಗೆ, ಏರೇಟರಿಗೆ.

ಇನ್ನು ಕ್ಲೋರೆಲ್ಲಾ ಎಂಬ ಹಸಿರು ಪಾಚಿಯ ಪಕ್ಷದವರಿದ್ದಾರೆ. ಹಸಿರು ನೀರು ಹಸಿರು ನೀರೇ ಎಂಬುದು ಅವರ ನಂಬಿಕೆ. ಕ್ಲೋರೆಲ್ಲಾ ಬೆಳೆಸುವುದು ಸುಲಭ, ಅದು ಹಟಮಾರಿ, ಸಾಯುವುದಿಲ್ಲ. ಆ ಹಟವೇ ತೊಂದರೆ. ಅದರ ಗಟ್ಟಿ ಕೋಶಭಿತ್ತಿಯನ್ನು ಎಳೆಯ ಮರಿಯ ಹೊಟ್ಟೆ ಒಡೆಯಲಾರದು. ಇದೇನು ಹೊಸ ಸಂಗತಿಯಲ್ಲ. ಅಮೆರಿಕದ ಕನೆಕ್ಟಿಕಟ್‌ನ ಮಿಲ್‌ಫರ್ಡ್ ಪ್ರಯೋಗಾಲಯದಲ್ಲಿ ಡೇವಿಸ್ ಮತ್ತು ಗಿಲಾರ್ಡ್ ಹತ್ತು ಬಗೆಯ ಸೂಕ್ಷ್ಮಜೀವಿಗಳನ್ನು ಸಿಂಪಿ ಮರಿಗಳಿಗೆ ಉಣಿಸಿ ನೋಡಿ 1958ರಲ್ಲೇ ಬರೆದಿಟ್ಟರು: ಭಿತ್ತಿಯಿಲ್ಲದ ಐಸೋಕ್ರೈಸಿಸ್, ಮೊನೋಕ್ರೈಸಿಸ್‌ಗಳಲ್ಲಿ ಮರಿ ಚೆನ್ನಾಗಿ ಬೆಳೆಯುತ್ತದೆ, ಕ್ಲೋರೆಲ್ಲಾದಂಥವು ಎಳೆಯ ಮರಿಗೆ ದಕ್ಕುವುದಿಲ್ಲ, ಒಂದೇ ಪಾಚಿಗಿಂತ ಬೆರಕೆ ಮೇಲು. ಅರವತ್ತು ವರ್ಷ ಕಳೆದ ಮೇಲೂ ಇದನ್ನೇ ವಾದಿಸಬೇಕಾಗಿ ಬರುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಹಸಿರು ಎಷ್ಟು ಗಾಢವಾಗಿದೆ ನೋಡಿ ಎಂದು ತೊಟ್ಟಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಒಳಗೆ ಮರಿ ಹಸಿವಿನಿಂದ ಸಾಯುತ್ತಿರುತ್ತದೆ.

ಐಸೋಕ್ರೈಸಿಸ್ ಮೇಲೆ ನನಗಿರುವ ಅಕ್ಕರೆಗೆ ಅದರ ಚರಿತ್ರೆಯೂ ಕಾರಣ. ಮೇರಿ ಪಾರ್ಕ್ ಎಂಬ ಸಸ್ಯವಿಜ್ಞಾನಿ 1938ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪೋರ್ಟ್ ಎರಿನ್‌ನಲ್ಲಿ ಮೀನುಕೊಳದ ನೀರಿನಿಂದ ಅದನ್ನು ಬೇರ್ಪಡಿಸಿದಳು. ಅದಕ್ಕೊಂದು ಹೆಸರೂ ಇಲ್ಲದ ಆ ಕಾಲದಲ್ಲೇ ಅದನ್ನು ಉಣಿಸಿ ಸಿಂಪಿ ಮರಿ ಸಾಕಿ, 1940ರಲ್ಲಿ ಸಂಗಡಿಗರ ಜೊತೆ ವರದಿ ಪ್ರಕಟಿಸಿದಳು. ಎಂಬತ್ತರ ದಶಕದಲ್ಲಿ ತೂತ್ತುಕುಡಿಯಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ಅಳಿವೆಗಳ ಸಿಂಪಿಯಾದ ಕ್ರಾಸೋಸ್ಟ್ರಿಯಾ ಮದ್ರಾಸೆನ್ಸಿಸ್ ಮರಿಗಳನ್ನು ಹ್ಯಾಚರಿಯಲ್ಲಿ ಬೆಳೆಸಿದ್ದೂ ಇದೇ ಐಸೋಕ್ರೈಸಿಸ್ ಉಣಿಸಿ. ಎರಡರಿಂದ ಮೂರು ವಾರದೊಳಗೆ ಮರಿ ಈಜು ಬಿಟ್ಟು ಚಿಪ್ಪಿಗೆ ಅಂಟಿ ಕೂರುತ್ತಿತ್ತು.

ಐಸೋಕ್ರೈಸಿಸ್ ಒಂದೇ ಸಾಕೆಂದು ನಾನು ಹೇಳುವುದಿಲ್ಲ. ಅದರಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಧಾರಾಳ, ಇಪಿಎ ತೀರ ಕಡಿಮೆ. ಕೀಟೋಸಿರಾಸ್ ಎಂಬ ಡಯಾಟಮ್‌ನಲ್ಲಿ ಇಪಿಎ ಹೆಚ್ಚು. ಇವೆರಡನ್ನೂ ಮರಿ ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಆದ್ದರಿಂದ ನಾನು ಎರಡನ್ನೂ ಬೆರೆಸುತ್ತೇನೆ, ಎಣಿಸಿ ಅಲ್ಲ, ಒಣತೂಕ ಹಿಡಿದು. ಇದಕ್ಕಿಂತ ಮುಖ್ಯ, ಪಾಚಿಯನ್ನು ಅದು ಬೆಳೆಯುವ ದೊಡ್ಡ ಜಾಡಿಯಿಂದ, ಅಂದರೆ ಕಾರ್ಬಾಯ್‌ನಿಂದ, ತೆಗೆಯುವ ಹೊತ್ತು. ಬಣ್ಣ ಕಡುಗಂದು ಆಗುವವರೆಗೆ ಕಾಯುವುದು ನಮ್ಮಲ್ಲಿ ಎಲ್ಲರ ಚಾಳಿ. ದಟ್ಟವಾದಷ್ಟೂ ಲಾಭ ಎಂಬ ಲೆಕ್ಕ. ನಾನು ಅದು ಇನ್ನೂ ಹೊಂಬಣ್ಣದಲ್ಲಿ, ಕೋಶಗಳು ಒಂದೇ ಸಮನೆ ಇಬ್ಭಾಗವಾಗುತ್ತಿರುವಾಗಲೇ ತೆಗೆಯುತ್ತೇನೆ. ಮುದಿಯಾದ ಕಲ್ಚರಿನಲ್ಲಿ ಸತ್ತ ಕೋಶ ಹೆಚ್ಚು, ಬ್ಯಾಕ್ಟೀರಿಯಾ ಹೆಚ್ಚು. ಸಂಶಯ ಬಂದರೆ ಒಂದಷ್ಟು ಮರಿಗಳನ್ನು ಸೋಸಿದ ಬರಿ ಸಮುದ್ರದ ನೀರಿಗೆ ಬಿಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಅವು ಹೊರಹಾಕಿದ್ದರಲ್ಲಿ ಇಡೀ ಕೋಶಗಳು ಕಂಡರೆ ಆ ಪಾಚಿ ಹೊಟ್ಟೆಗೆ ಹೋಗಿ ಬಂತಷ್ಟೇ. ಯಾವ ಎಣಿಕೆಯೂ ಇದನ್ನು ಹೇಳುವುದಿಲ್ಲ.

ಇಷ್ಟೆಲ್ಲ ಮರಿಯ ಊಟದ ಮಾತಾಯಿತು. ನನ್ನನ್ನು ನಿಜಕ್ಕೂ ಕಾಡುವುದು ತಾಯಿಯ ಊಟ.

ಹೆಚ್ಚಿನ ಕಡೆ ನಡೆಯುವುದು ಇದು: ಬೆಳಿಗ್ಗೆ ಹೊಳೆಯಿಂದ ದೊಡ್ಡ ಸಿಂಪಿಗಳನ್ನು ಕಿತ್ತು ತರುತ್ತಾರೆ, ಉಜ್ಜಿ ತೊಳೆಯುತ್ತಾರೆ, ನೀರಿನ ಬಿಸಿಯನ್ನು ಮೂರ್ನಾಲ್ಕು ಡಿಗ್ರಿ ಏರಿಸುತ್ತಾರೆ, ಸಂಜೆಯೊಳಗೆ ಮೊಟ್ಟೆ ಬಿಡಿಸುತ್ತಾರೆ. ಬಿಡದಿದ್ದರೆ ಚಿಪ್ಪು ಒಡೆದು ಕೆರೆದು ತೆಗೆಯುತ್ತಾರೆ. ನಮ್ಮ ಕಡೆ ಬಸುರಿಗೆ ಬಯಕೆ ಊಟ ಹಾಕದ ಮನೆಯುಂಟೆ? ಈ ತಾಯಿಗೆ ಮಾತ್ರ ಹಿಡಿ ಪಾಚಿಯೂ ಇಲ್ಲ. ದುಬಾರಿ ಪಾಚಿಯೆಲ್ಲ ಮರಿಗಳ ತೊಟ್ಟಿಗೆ. ಕಾರಣ ನನಗೂ ಗೊತ್ತು, ಬೆಳೆದ ಒಂದು ಸಿಂಪಿ ಗಂಟೆಗೆ ಲೀಟರುಗಟ್ಟಲೆ ನೀರು ಸೋಸುತ್ತದೆ, ಅದರ ಹೊಟ್ಟೆ ತುಂಬಿಸಲು ದೊಡ್ಡ ತೊಟ್ಟಿಗಳಲ್ಲಿ ಪಾಚಿ ಬೆಳೆಸಬೇಕು. ಆದರೆ ಮರಿಯ ಮೊದಲ ಎರಡು ದಿನದ ಬಾಳು ತಾಯಿ ಉಂಡದ್ದರ ಮೇಲೆಯೇ ನಿಂತಿದೆ. ಮೊಟ್ಟೆ ಫಲಿತವಾಗಿ ಚಿಪ್ಪು ಮೂಡುವವರೆಗೆ ಅದಕ್ಕೆ ಪಾಚಿ ಉಣ್ಣಲಾಗದು. ಮೊಟ್ಟೆಯೊಳಗೆ ತಾಯಿ ಕಟ್ಟಿಕೊಟ್ಟ ಕೊಬ್ಬೇ ಬುತ್ತಿ.

ಆ ಬುತ್ತಿಯಲ್ಲೇ ಅದು ಚಿಪ್ಪು ಕಟ್ಟಬೇಕು. ಪೆಸಿಫಿಕ್ ಸಿಂಪಿಯ ಮರಿ ಎರಡೇ ದಿನದಲ್ಲಿ ತನ್ನ ಮೈತೂಕದ ಸುಮಾರು ಶೇ. 90ರಷ್ಟು ಸುಣ್ಣವನ್ನು ಚಿಪ್ಪಾಗಿ ಕಟ್ಟುತ್ತದೆ. ಒರೆಗಾನ್‌ನ ನೆಟಾರ್ಟ್ಸ್ ಕೊಲ್ಲಿಯ ವಿಸ್ಕಿ ಕ್ರೀಕ್ ಹ್ಯಾಚರಿಯಲ್ಲಿ 2007ರ ಸುಮಾರಿಗೆ ಮರಿಗಳು ತೊಟ್ಟಿತೊಟ್ಟಿಯಾಗಿ ಸತ್ತಾಗ, ಮೊದಲು ಅನುಮಾನ ಬಂದದ್ದು ರೋಗದ ಮೇಲೆ. ಕೊನೆಗೆ ಸಿಕ್ಕಿದ್ದು ಕಡಲಾಳದಿಂದ ಮೇಲೆದ್ದು ಬಂದ, ಇಂಗಾಲಾಮ್ಲ ತುಂಬಿದ ನೀರು. ಅಂಥ ನೀರಿನಲ್ಲಿ ಸುಣ್ಣ ಕಟ್ಟಲು ಹೆಚ್ಚು ಶಕ್ತಿ ಬೇಕು, ಬುತ್ತಿ ಬೇಗ ಬರಿದಾಗುತ್ತದೆ. ಅವರು ನೀರಿಗೆ ವಾಷಿಂಗ್ ಸೋಡಾ ಹಾಕಿ ಸರಿಪಡಿಸಿಕೊಂಡರು. ಅದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬುತ್ತಿಯ ಮಾತೇ. ನೀರು ಕೆಟ್ಟಷ್ಟೂ ತಾಯಿಯ ಊಟದ ಬೆಲೆ ಹೆಚ್ಚುತ್ತದೆ.

ಊಟ ಸಿಂಪಿಯ ಲಿಂಗವನ್ನೂ ಮುಟ್ಟುತ್ತದೆ! ಎಳೆಯದಾಗಿದ್ದಾಗ ಹೆಚ್ಚಿನವು ಗಂಡು, ಬೆಳೆದಂತೆ ಹಲವು ಹೆಣ್ಣಾಗುತ್ತವೆ. ಮೇವು ಸಮೃದ್ಧವಾಗಿದ್ದಲ್ಲಿ ಹೆಣ್ಣು ಹೆಚ್ಚು, ಬರಗಾಲದಲ್ಲಿ ಗಂಡು ಹೆಚ್ಚು. ಮೊಟ್ಟೆಗೆ ಕೊಬ್ಬು ಬೇಕು, ಕೊಬ್ಬಿಲ್ಲದವಳು ಮೊಟ್ಟೆ ಎಲ್ಲಿಂದ ತಂದಾಳು? ಹಾಗೆಂದು ಮಿತಿಮೀರಿ ಉಣಿಸಿದರೂ ಆಗದು. ದಿನಕ್ಕೆ ಸಿಂಪಿಯ ಒಣಮಾಂಸದ ತೂಕದ ಶೇ. 2ರಿಂದ 4ರಷ್ಟು ಒಣಪಾಚಿ ಹದ. ಶೇ. 6 ದಾಟಿಸಿದರೆ ಅದು ಮೈ ಬೆಳೆಸಲು ಹೊರಡುತ್ತದೆ, ಮೊಟ್ಟೆ ಹಿಂದೆ ಬೀಳುತ್ತದೆ.

ನಮ್ಮ ಕರಾವಳಿಯಲ್ಲಿ ತಾಯಿಗೆ ಹೀಗೆ ಉಣಿಸಲು ಮಳೆಗಾಲವೇ ತಕ್ಕ ಕಾಲ ಎಂದು ನನ್ನ ವಾದ. ಹೊಳೆ ಕೆಂಪಾಗಿ ಸಪ್ಪೆಯಾದಾಗ ಸಿಂಪಿ ಚಿಪ್ಪು ಬಿಗಿದು ಉಪವಾಸ ಕೂರುತ್ತದೆ. ಆ ತಿಂಗಳುಗಳಲ್ಲಿ ತಾಯಂದಿರನ್ನು ಹ್ಯಾಚರಿಯ ಉಪ್ಪುನೀರಿನಲ್ಲಿಟ್ಟು ಐಸೋಕ್ರೈಸಿಸ್, ಕೀಟೋಸಿರಾಸ್ ಉಣಿಸುತ್ತ ಬರಬೇಕು. ಅದಕ್ಕಾಗಿ ಈ ಸಲ ಪ್ರತ್ಯೇಕ ತೊಟ್ಟಿ ಕೇಳಿದ್ದೇನೆ. ಹೀಗೆ ಉಂಡ ತಾಯಂದಿರ ಮರಿಗಳನ್ನೂ, ಹೊಳೆಯಿಂದ ನೇರ ತಂದ ತಾಯಂದಿರ ಮರಿಗಳನ್ನೂ ಅಕ್ಕಪಕ್ಕ ಇಟ್ಟು, ಎರಡಕ್ಕೂ ಒಂದು ಕೋಶ ಪಾಚಿಯನ್ನೂ ಕೊಡದೆ ಯಾವುದು ಹೆಚ್ಚು ದಿನ ಈಜುತ್ತದೆ ಎಂದು ನೋಡಬೇಕು. ತಾಯಿ ಎಷ್ಟು ಬುತ್ತಿ ಕಟ್ಟಿದ್ದಳೆಂಬುದನ್ನು ಅಳೆಯಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ.